ಯೋಬನ ಗೆಳೆಯರು ಮಾಡದೆ ಬಿಟ್ಟ ಒಂದು ಕೆಲಸ

ಪ್ರಶ್ನೆ: ನಮ್ಮ ಪ್ರಾರ್ಥನಾ ಕೂಟದ ಸಹೋದರಿಯೊಬ್ಬರಿಗೆ ಎರಡು ವರ್ಷಗಳಿಂದ ಒಂದರ ಮೇಲೊಂದು ಕಷ್ಟ. ಮೊದಲು ಗಂಡನ ಕೆಲಸ ಹೋಯಿತು. ಆಮೇಲೆ ಅವರೇ ಕಾಯಿಲೆ ಬಿದ್ದರು. ಈಗ ಮೂರನೆಯ ತಿಂಗಳಲ್ಲಿ ಗರ್ಭವೂ ನಿಲ್ಲಲಿಲ್ಲ. "ಇಷ್ಟೆಲ್ಲ ಸುಮ್ಮನೆ ಬರುವುದಿಲ್ಲ, ಅರಿಕೆ ಮಾಡದ ಪಾಪ ಏನೋ ಇರಬೇಕು" ಎಂದು ಕೂಟದಲ್ಲಿ ಕೆಲವರು ಮಾತನಾಡಿಕೊಂಡರು. ನನಗೂ ಹಾಗೇ ಅನಿಸಿತು. ಅವರಿಗೆ ಒಳ್ಳೆಯದಾಗಲಿ ಎಂದೇ, ಕಳೆದ ತಿಂಗಳು "ನಿನ್ನನ್ನು ನೀನು ಪರೀಕ್ಷಿಸಿಕೊಂಡು ನೋಡು" ಎಂದು ಹೇಳಿದೆ. ಅವರು ಏನೂ ಹೇಳಲಿಲ್ಲ. ಅಂದಿನಿಂದ ಕೂಟಕ್ಕೆ ಬರುತ್ತಿಲ್ಲ, ನನ್ನ ಫೋನನ್ನೂ ಎತ್ತುತ್ತಿಲ್ಲ. ನಾನು ಹೇಳಿದ್ದು ತಪ್ಪೇ? ಪಾಪಕ್ಕೆ ಫಲವಿದೆ ಎಂದು ಸತ್ಯವೇದವೇ ಹೇಳುತ್ತದಲ್ಲವೇ? ಇಂಥ ಹೊತ್ತಿನಲ್ಲಿ ದೇವರ ಜ್ಞಾನವನ್ನು ಬೇಡುವುದು ಎಂದರೇನು? ಅದು ಸಿಕ್ಕಿತು ಎಂದು ತಿಳಿಯುವುದು ಹೇಗೆ?

ಉತ್ತರ: ಸಹೋದರಿಯವರೇ, ಸುತ್ತಿ ಬಳಸಿ ಹೇಳುವುದಿಲ್ಲ. ಹೌದು, ತಪ್ಪಾಗಿದೆ. ಆದರೆ ಈ ತಪ್ಪಿನಲ್ಲಿ ನೀವು ಒಂಟಿಯಲ್ಲ. ಸತ್ಯವೇದದಲ್ಲಿ ಒಂದು ಇಡೀ ಪುಸ್ತಕದ, ಯೋಬನ ಪುಸ್ತಕದ, ಬಹುಭಾಗ ಇದೇ ತಪ್ಪಿನ ಕಥೆ. ನಿಮ್ಮ ಪತ್ರದಲ್ಲಿ "ಒಳ್ಳೆಯದಾಗಲಿ ಎಂದೇ" ಎಂಬ ಮಾತಿದೆಯಲ್ಲ, ಅದನ್ನು ನಾನು ನಂಬುತ್ತೇನೆ. ಆಸ್ತಿ, ಮಕ್ಕಳು, ಆರೋಗ್ಯ ಎಲ್ಲವನ್ನೂ ಕಳೆದುಕೊಂಡ ದೇವಭಕ್ತ ಯೋಬನ ಗೆಳೆಯರೂ ಒಳ್ಳೆಯದಾಗಲಿ ಎಂದೇ ಬಂದವರು.

ಅವರ ಬಗ್ಗೆ ನಾವು ಪ್ರಸಂಗಗಳಲ್ಲಿ ಆಡುವ ಮಾತು ಸ್ವಲ್ಪ ಅನ್ಯಾಯದ್ದು. ಎಲೀಫಜ, ಬಿಲ್ದದ, ಚೋಫರ ಮೂವರೂ ಕೇಡಿಗರೇನಲ್ಲ. ಬೇರೆ ಬೇರೆ ಊರಿನವರು, ಸುದ್ದಿ ಕೇಳಿ, ಮೊದಲೇ ಮಾತನಾಡಿಕೊಂಡು ಒಟ್ಟಿಗೆ ಹೊರಟು ಬಂದರು. ದೂರದಿಂದ ನೋಡಿದಾಗ ಯೋಬನ ಗುರುತೇ ಹತ್ತಲಿಲ್ಲ. ಗಟ್ಟಿಯಾಗಿ ಅತ್ತರು, ಬಟ್ಟೆ ಹರಿದುಕೊಂಡರು, ತಲೆಯ ಮೇಲೆ ಮಣ್ಣು ತೂರಿಕೊಂಡರು. ಆಮೇಲೆ ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಕುಳಿತರು. ಒಬ್ಬರೂ ಒಂದು ಮಾತನ್ನೂ ಆಡಲಿಲ್ಲ, ಏಕೆಂದರೆ ಅವನ ನೋವು ಬಹಳ ದೊಡ್ಡದೆಂದು ಅವರಿಗೆ ಕಂಡಿತು. ಎರಡನೆಯ ಅಧ್ಯಾಯ ಇಲ್ಲಿಗೆ ಮುಗಿಯುತ್ತದೆ. ಅವರು ಎಂಟನೆಯ ದಿನ ಸುಮ್ಮನೆ ಎದ್ದು ಮನೆಗೆ ಹೋಗಿದ್ದರೆ, ಇವತ್ತು ಸಾಂತ್ವನಕ್ಕೆ ಮಾದರಿಯೆಂದು ಅವರ ಹೆಸರನ್ನೇ ಹೇಳುತ್ತಿದ್ದೆವೇನೋ.

ಆದರೆ ಯೋಬ ಬಾಯಿ ತೆರೆದ. ಹುಟ್ಟಿದ ದಿನವನ್ನು ಶಪಿಸಿದ. ಕೇಳಿದವರಿಗೆ ಕಸಿವಿಸಿಯಾಯಿತು. ಅಲ್ಲಿಂದ ಅವರು ನೋವನ್ನು ನೋಡುವುದನ್ನು ಬಿಟ್ಟು ನೋವಿನ ಲೆಕ್ಕ ಹಿಡಿಯತೊಡಗಿದರು.

ಆ ಲೆಕ್ಕ ಮುಂದಕ್ಕೆ ಸಾಗುವ ರೀತಿಯನ್ನು ನೀವು ಒಮ್ಮೆ ಕುಳಿತು ಓದಬೇಕು. ನಾಲ್ಕನೆಯ ಅಧ್ಯಾಯದಲ್ಲಿ ಎಲೀಫಜನ ಮಾತು ಮೆತ್ತಗಿದೆ, ಬೇಸರಪಟ್ಟುಕೊಳ್ಳಬೇಡ ಎಂಬ ಧಾಟಿಯಲ್ಲಿ ಶುರುವಾಗುತ್ತದೆ. ಆದರೆ ಏಳನೆಯ ವಚನಕ್ಕೆ ಬರುವಷ್ಟರಲ್ಲಿ, ನಿರಪರಾಧಿ ಎಂದಾದರೂ ನಾಶವಾದದ್ದುಂಟೇ ಎಂದು ಕೇಳುತ್ತಾನೆ. ಇದು ಹೆಸರು ಹೇಳದ ಆರೋಪ, ನಿಮ್ಮ ಕೂಟದ "ಏನೋ ಇರಬೇಕು" ಎಂಬಂಥದ್ದೇ. ಎಂಟನೆಯ ಅಧ್ಯಾಯದಲ್ಲಿ ಬಿಲ್ದದ ಇನ್ನೊಂದು ಹೆಜ್ಜೆ ಇಡುತ್ತಾನೆ: ನಿನ್ನ ಮಕ್ಕಳು ಪಾಪ ಮಾಡಿದ್ದರೆ ಅದರ ಫಲ ಅನುಭವಿಸಿದ್ದಾರೆ. ಹತ್ತು ಮಕ್ಕಳನ್ನು ಒಂದೇ ದಿನ ಕಳೆದುಕೊಂಡ ತಂದೆಗೆ ಹೇಳಿದ ಮಾತಿದು. "ಮಾಡಿದ್ದರೆ" ಎಂದು ಷರತ್ತು ಹಾಕಿದ್ದರಿಂದ ತಾನು ಸಭ್ಯವಾಗಿಯೇ ಮಾತನಾಡಿದೆ ಎಂದು ಬಿಲ್ದದನಿಗೆ ಅನಿಸಿರಬಹುದು. ಹನ್ನೊಂದರಲ್ಲಿ ಚೋಫರ, ನಿನ್ನ ಪಾಪಕ್ಕೆ ಸಿಗಬೇಕಾದದ್ದಕ್ಕಿಂತ ಕಡಿಮೆಯೇ ಸಿಕ್ಕಿದೆ ಎನ್ನುತ್ತಾನೆ. ಇಪ್ಪತ್ತೆರಡಕ್ಕೆ ಬಂದಾಗ ಮೊದಲು ಮೆತ್ತಗೆ ಮಾತನಾಡಿದ ಅದೇ ಎಲೀಫಜ ಪಟ್ಟಿ ಓದುತ್ತಾನೆ: ನೀನು ಬಡವರ ಬಟ್ಟೆ ಕಿತ್ತುಕೊಂಡೆ, ದಣಿದವನಿಗೆ ನೀರು ಕೊಡಲಿಲ್ಲ, ವಿಧವೆಯರನ್ನು ಬರಿಗೈಯಲ್ಲಿ ಕಳುಹಿಸಿದೆ.

ಇದಕ್ಕೆ ಸಾಕ್ಷಿ? ಒಂದೂ ಇಲ್ಲ. ಸಿದ್ಧಾಂತ ಸರಿಯಾಗಿರಲೇಬೇಕಾದರೆ ಯೋಬ ಇಂಥದ್ದೇನಾದರೂ ಮಾಡಿರಲೇಬೇಕು, ಆದ್ದರಿಂದ ಮಾಡಿದ್ದಾನೆ. "ಏನೋ ಇರಬೇಕು" ಎಂಬ ಅನುಮಾನ, ಹದಿನೆಂಟು ಅಧ್ಯಾಯಗಳಲ್ಲಿ ಕಣ್ಣಾರೆ ಕಂಡವರ ಹೇಳಿಕೆಯಾಗಿ ಬಿಟ್ಟಿತು. ನಿಮ್ಮ ಕೂಟ ಈಗ ನಾಲ್ಕನೆಯ ಅಧ್ಯಾಯದಲ್ಲಿದೆ. ಇಪ್ಪತ್ತೆರಡಕ್ಕೆ ಮುಟ್ಟುವ ಮೊದಲೇ ನೀವು ಈ ಪ್ರಶ್ನೆ ಕೇಳಿದ್ದು ಒಳ್ಳೆಯದಾಯಿತು.

ಒಳ್ಳೆಯ ಮನಸ್ಸಿನವರು ಹೀಗೇಕೆ ಆಡುತ್ತಾರೆ? ಯೋಬನೇ ಇದಕ್ಕೆ ಉತ್ತರ ಕೊಟ್ಟಿದ್ದಾನೆ, ನಾವು ಅದನ್ನು ಗಮನಿಸದೆ ದಾಟಿಹೋಗುತ್ತೇವೆ. ಆರನೆಯ ಅಧ್ಯಾಯದ 21ನೆಯ ವಚನದಲ್ಲಿ ಅವನು ಹೇಳುವುದು ಇಷ್ಟು: ನೀವು ನನ್ನ ವಿಪತ್ತನ್ನು ನೋಡಿ ಹೆದರಿದ್ದೀರಿ. ಗೆಳೆಯರ ಮಾತಿನ ಕೆಳಗಿದ್ದದ್ದು ದ್ವೇಷವಲ್ಲ, ಅಹಂಕಾರವೂ ಆಮೇಲೆ ಬಂದದ್ದು. ಮೊದಲಿದ್ದದ್ದು ಹೆದರಿಕೆ. ದೇವಭಕ್ತನಾದ ಯೋಬನಿಗೇ ಹೀಗಾದರೆ ನನಗೂ ಆಗಬಹುದಲ್ಲ! ಅದೇ ಅವನು ಗುಟ್ಟಾಗಿ ಏನೋ ಮಾಡಿದ್ದರೆ, ನಾನು ಮಾಡಿಲ್ಲ, ಆದ್ದರಿಂದ ನನ್ನ ಮನೆ ಭದ್ರ. "ಮಾಡಿದ್ದುಣ್ಣೋ ಮಹರಾಯ" ಎಂದು ಇನ್ನೊಬ್ಬರಿಗೆ ಹೇಳುವಾಗ ಒಳಗೆ ನಮಗೆ ಒಂದು ನೆಮ್ಮದಿ ಸಿಗುತ್ತದೆ. ಆ ನೆಮ್ಮದಿಯ ಬೆಲೆಯನ್ನು ಮಾತ್ರ ಆ ಇನ್ನೊಬ್ಬರು ತೆರಬೇಕಾಗುತ್ತದೆ. ಕೂಟದಲ್ಲಿ ಆ ಮಾತು ಬಂದಾಗ ನಿಮ್ಮೊಳಗೆ ಏನಾಯಿತು ಎಂದು ನೆನಪಿಸಿಕೊಳ್ಳಿ. ಒಂದಿಷ್ಟು ಹಗುರ ಅನಿಸಿತ್ತೇ? ಇದಕ್ಕೆ ಉತ್ತರವನ್ನು ನನಗೆ ಬರೆಯಬೇಕಾಗಿಲ್ಲ.

ಇಂಥ ತೀರ್ಪು ಎಷ್ಟು ಅಗ್ಗದ್ದು ಎಂಬುದಕ್ಕೆ ಅಪೊಸ್ತಲರ ಕೃತ್ಯಗಳ ಕೊನೆಯಲ್ಲಿ ನಗು ಬರಿಸುವ ಪ್ರಸಂಗವೊಂದಿದೆ. ಹಡಗು ಒಡೆದು ಅಪೊಸ್ತಲ ಪೌಲ ಮೆಲೀತೆ ದ್ವೀಪಕ್ಕೆ ಬಂದು ಸೇರಿದ್ದಾನೆ. ಬೆಂಕಿಗೆ ಕಟ್ಟಿಗೆ ಹಾಕುವಾಗ ಹಾವೊಂದು ಅವನ ಕೈಗೆ ಸುತ್ತಿಕೊಂಡಿತು. ನೋಡಿದವರು, ಇವನು ಕೊಲೆಗಾರನೇ ಸರಿ, ಸಮುದ್ರದಿಂದ ಪಾರಾದರೂ ನ್ಯಾಯ ಇವನನ್ನು ಬಿಡಲಿಲ್ಲ ಎಂದರು. ಅವನು ಹಾವನ್ನು ಬೆಂಕಿಗೆ ಝಾಡಿಸಿದ, ಏನೂ ಆಗಲಿಲ್ಲ. ಬಹಳ ಹೊತ್ತು ಕಾದು ನೋಡಿದ ಅದೇ ಜನ, ಇವನು ದೇವರೇ ಎಂದರು. ಎರಡು ತೀರ್ಪೂ ಸುಳ್ಳು.

ಈಗ ನಿಮ್ಮ ಎರಡನೆಯ ಪ್ರಶ್ನೆಗೆ ಬರುತ್ತೇನೆ. ಪಾಪಕ್ಕೆ ಫಲವಿಲ್ಲವೇ? ಇದೆ. ಮನುಷ್ಯ ಬಿತ್ತಿದ್ದನ್ನೇ ಕೊಯ್ಯುತ್ತಾನೆ ಎಂದು ಗಲಾತ್ಯದವರಿಗೆ ಬರೆದ ಪತ್ರ ಹೇಳುತ್ತದೆ. ಜ್ಞಾನೋಕ್ತಿಗಳ ಪುಸ್ತಕದ ತುಂಬ ಅದೇ ಪಾಠ. ಗೆಳೆಯರು ಎಡವಿದ್ದು ಆ ವಾಕ್ಯವನ್ನು ತಿರುಗಿಸಿ ಓದಿದ್ದರಲ್ಲಿ. ಪಾಪ ನೋವು ತರುತ್ತದೆ ಎಂಬುದು ಒಂದು ಮಾತು. ನೋವಿದ್ದಲ್ಲೆಲ್ಲ ಪಾಪವಿದೆ ಎಂಬುದು ಬೇರೆಯೇ ಮಾತು. ಮಳೆ ಬಂದರೆ ನೆಲ ಒದ್ದೆಯಾಗುತ್ತದೆ, ನಿಜ. ಒದ್ದೆ ನೆಲ ಕಂಡಲ್ಲೆಲ್ಲ ಮಳೆ ಬಂದಿತ್ತು ಎನ್ನಲಾಗದು. ಯಾರೋ ಅತ್ತಿರಲೂಬಹುದು.

ಕರ್ತನಾದ ಯೇಸು ಈ ತಿರುಗುಮುರುಗು ಓದನ್ನು ಎರಡು ಸಲ ತಡೆದಿದ್ದಾನೆ. ಲೂಕನ 13ನೆಯ ಅಧ್ಯಾಯದಲ್ಲಿ, ಸಿಲೋವದಲ್ಲಿ ಬುರುಜು ಬಿದ್ದು ಸತ್ತ 18 ಮಂದಿ ಯೆರೂಸಲೇಮಿನ ಉಳಿದವರಿಗಿಂತ ಹೆಚ್ಚು ಅಪರಾಧಿಗಳಾಗಿದ್ದರೇ ಎಂದು ಕೇಳಿ, ಇಲ್ಲ ಎಂದು ತಾನೇ ಹೇಳುತ್ತಾನೆ. ಪಶ್ಚಾತ್ತಾಪದ ಮಾತನ್ನು ಅಲ್ಲಿಯೂ ಬಿಡುವುದಿಲ್ಲ. ಆದರೆ ಅದನ್ನು ಹೇಳುವುದು ಸತ್ತವರನ್ನು ಕುರಿತಲ್ಲ, ಎದುರಿಗೆ ನಿಂತು ಸುದ್ದಿ ಹೇಳುತ್ತಿದ್ದವರಿಗೆ. ಯೋಹಾನನ 9ನೆಯ ಅಧ್ಯಾಯದಲ್ಲಿ ಹುಟ್ಟುಕುರುಡನನ್ನು ನೋಡಿ ಶಿಷ್ಯರು, ಪಾಪ ಮಾಡಿದವರು ಯಾರು, ಇವನೋ ಇವನ ತಂದೆತಾಯಿಯೋ ಎಂದು ಕೇಳುತ್ತಾರೆ. ಇವನೂ ಅಲ್ಲ, ತಂದೆತಾಯಿಯೂ ಅಲ್ಲ ಎನ್ನುತ್ತಾನೆ ಕರ್ತನು. ಆ ಕುರುಡನೂ ಒಬ್ಬ ಮನುಷ್ಯನೆಂಬುದು ಅಲ್ಲಿಯವರೆಗೆ ಶಿಷ್ಯರ ಮನಸ್ಸಿಗೆ ಬಂದಂತೆಯೇ ಕಾಣುವುದಿಲ್ಲ. ಅವನು ಅಲ್ಲೇ ಇದ್ದ, ಅವನಿಗೆ ಕಣ್ಣು ಕಾಣುತ್ತಿರಲಿಲ್ಲವೇ ಹೊರತು ಕಿವಿ ಕೇಳುತ್ತಿತ್ತು.

ನಿಮ್ಮ ಗೆಳತಿಗೂ ಕೇಳಿಸಿದೆ. ಇನ್ನೊಂದು ವಿಷಯವೂ ನಿಮಗೆ ತಿಳಿದಿರಲಿ. ಮೊದಲ ಮೂರು ತಿಂಗಳೊಳಗೆ ಗರ್ಭ ಹೋಗುವ ಪ್ರಕರಣಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಭ್ರೂಣದ ವರ್ಣತಂತುಗಳಲ್ಲಿ ಆಕಸ್ಮಿಕವಾಗಿ ಉಂಟಾದ ದೋಷವೇ ಕಾರಣ. ತಾಯಿ ಮಾಡಿದ್ದಕ್ಕೂ ಬಿಟ್ಟದ್ದಕ್ಕೂ ಅದಕ್ಕೂ ಸಂಬಂಧವಿಲ್ಲ. ಆದರೂ ಮಗುವನ್ನು ಕಳೆದುಕೊಂಡ ಹೆಂಗಸು ತನ್ನನ್ನೇ ದೂರಿಕೊಳ್ಳುತ್ತಾಳೆ. ಅವತ್ತು ಭಾರ ಎತ್ತಿದ್ದರಿಂದಲೋ, ಪ್ರಯಾಣ ಮಾಡಿದ್ದರಿಂದಲೋ ಎಂದು ರಾತ್ರಿಯಿಡೀ ತನ್ನನ್ನು ತಾನು ಪರೀಕ್ಷಿಸಿಕೊಳ್ಳುತ್ತಲೇ ಇರುತ್ತಾಳೆ. ನೀವು ಹೇಳುವ ಮೊದಲೇ ನಿಮ್ಮ ಗೆಳತಿ ಆ ಕೆಲಸವನ್ನು ನೂರು ಸಲ ಮಾಡಿ ಮುಗಿಸಿರಬಹುದು. ನಿಮ್ಮ ಮಾತಿನಿಂದ ಅದಕ್ಕೆ ದೇವರ ಮೊಹರೂ ಬಿದ್ದಂತಾಯಿತು.

ಹಾಗಾದರೆ ಪಾಪದ ಮಾತನ್ನು ಯಾರೂ ಯಾರಿಗೂ ಹೇಳಲೇಬಾರದೇ ಎಂದು ಕೇಳಬಹುದು. ಪ್ರವಾದಿ ನಾತಾನನು ಅರಸ ದಾವೀದನಿಗೆ ಹೇಳಲಿಲ್ಲವೇ? ಹೇಳಿದ. ಆದರೆ ದಾವೀದ ಇನ್ನೊಬ್ಬನ ಹೆಂಡತಿಯಾದ ಬತ್ಷೆಬೆಯ ವಿಷಯದಲ್ಲಿ ಮಾಡಿದ್ದು ನಡೆದ ಸಂಗತಿ, ನಾತಾನನ ಊಹೆಯಲ್ಲ. ನಾತಾನನನ್ನು ಯೆಹೋವನು ಕಳುಹಿಸಿದ್ದನು. ಅವನು ಮಾತನಾಡಿದ್ದು ಅಧಿಕಾರ ಕೈಯಲ್ಲಿದ್ದ, ಇನ್ನೊಬ್ಬನಿಗೆ ಕೇಡು ಮಾಡಿ ನೆಮ್ಮದಿಯಾಗಿದ್ದ ಅರಸನೊಂದಿಗೆ. ನೆಲದ ಮೇಲೆ ಬಿದ್ದವನ ಬಳಿ ಹೋಗಿ ನಾತಾನನಾಗಲು ಹೊರಡುವವರೇ ನಮ್ಮಲ್ಲಿ ಹೆಚ್ಚು. ಅರಮನೆಗೆ ಹೋಗುವ ನಾತಾನರು ಕಡಿಮೆ. ಇದನ್ನು ಸಭಾಪಾಲಕರೆಲ್ಲರಿಗೂ, ನನ್ನನ್ನೂ ಸೇರಿಸಿಕೊಂಡೇ ಹೇಳುತ್ತಿದ್ದೇನೆ.

ಇನ್ನು ನಿಮ್ಮ ಪ್ರಶ್ನೆಯ ತಿರುಳಿಗೆ ಬರೋಣ. ಯೋಬನ ಗೆಳೆಯರು ಆಡಿದ್ದರಲ್ಲಿ ಬಹಳಷ್ಟು ಮಾತು ಬಿಡಿಬಿಡಿಯಾಗಿ ನೋಡಿದರೆ ಸರಿಯಾಗಿಯೇ ಇದೆ. ಎಲೀಫಜನ ಒಂದು ಮಾತನ್ನು ಪೌಲನೇ ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದಲ್ಲಿ ಶಾಸ್ತ್ರವಾಕ್ಯವೆಂದು ಎತ್ತಿಕೊಂಡಿದ್ದಾನೆ. ಹಾಗಿದ್ದರೂ ಕೊನೆಯ ಅಧ್ಯಾಯದಲ್ಲಿ ಯೆಹೋವನ ಕೋಪ ಅವರ ಮೇಲೆ ಉರಿಯುತ್ತದೆ. ನನ್ನ ದಾಸನಾದ ಯೋಬನಂತೆ ನೀವು ನನ್ನ ವಿಷಯವಾಗಿ ಸರಿಯಾಗಿ ಮಾತನಾಡಲಿಲ್ಲ ಎನ್ನುತ್ತಾನೆ. ಯೋಬ ಆಡಿದ ಮಾತೇನು ಸಣ್ಣದೇ? ದೇವರು ನನ್ನನ್ನು ಗುರಿಯಾಗಿ ನಿಲ್ಲಿಸಿ ಬಾಣ ಬಿಡುತ್ತಿದ್ದಾನೆ ಎಂದವನು ಅವನು. ಹಾಗಾದರೆ ಅವನು ಸರಿ, ಇವರು ತಪ್ಪು ಆದದ್ದು ಹೇಗೆ?

ಪುಸ್ತಕವನ್ನು ಪೆನ್ಸಿಲ್ ಹಿಡಿದು ಮತ್ತೊಮ್ಮೆ ಓದಿ. ಯೋಬನ ಮಾತು ಗೆಳೆಯರಿಗೆ ಉತ್ತರವಾಗಿ ಶುರುವಾಗಿ, ನಡುವೆ ಎಲ್ಲೋ ಹೊರಳಿಕೊಂಡು "ನೀನು" ಎಂದು ದೇವರ ಕಡೆಗೇ ತಿರುಗುತ್ತದೆ. ಏಳನೆಯ ಅಧ್ಯಾಯದಲ್ಲಿ, ಹತ್ತರಲ್ಲಿ, ಹದಿಮೂರು ಹದಿನಾಲ್ಕರಲ್ಲಿ ಹೀಗಾಗುತ್ತದೆ. ಜಗಳವಾಡುತ್ತಾನೆ, ಅಳುತ್ತಾನೆ, ಉತ್ತರ ಕೊಡು ಎನ್ನುತ್ತಾನೆ, ಆದರೆ ಮುಖ ಅತ್ತ ಇದೆ. ಮೂವರು ಗೆಳೆಯರ ಮಾತುಗಳಲ್ಲಿ ಅಂಥ ಒಂದು "ನೀನು" ಹುಡುಕಿ. ಸಿಗುವುದಿಲ್ಲ. ದೇವರ ವಿಷಯವಾಗಿ ಇಷ್ಟೊಂದು ಮಾತನಾಡಿದವರು ದೇವರೊಂದಿಗೆ ಒಂದು ಮಾತನ್ನೂ ಆಡಲಿಲ್ಲ. ಗೆಳೆಯನಿಗಾಗಿ ಒಂದು ಪ್ರಾರ್ಥನೆ ಇಲ್ಲ. ನಮಗೆ ಅರ್ಥವಾಗುತ್ತಿಲ್ಲ, ಏನು ಹೇಳಬೇಕೆಂದು ತಿಳಿಸು ಎಂಬ ಒಂದು ಸಾಲೂ ಇಲ್ಲ. "ನನ್ನ ವಿಷಯವಾಗಿ ಮಾತನಾಡಲಿಲ್ಲ" ಎಂದು ನಾವು ಓದುವಲ್ಲಿ ಹೀಬ್ರು ಮೂಲದಲ್ಲಿರುವ ಪದಕ್ಕೆ "ನನ್ನ ಕಡೆಗೆ" ಎಂಬ ಅರ್ಥವೇ ಹೆಚ್ಚು ಸಾಮಾನ್ಯ. ಆ ವಾಕ್ಯದ ಅನುವಾದದ ಬಗ್ಗೆ ಪಂಡಿತರಲ್ಲಿ ಚರ್ಚೆ ಇದೆ, ಇರಲಿ. ಗೆಳೆಯರು ದೇವರೊಂದಿಗೆ ಮಾತನಾಡಲಿಲ್ಲ ಎಂಬುದು ಮಾತ್ರ ಚರ್ಚೆಯ ವಿಷಯವಲ್ಲ, ಪುಟ ತಿರುಗಿಸಿದರೆ ಕಣ್ಣಿಗೆ ಕಾಣುತ್ತದೆ.

ನಿಮ್ಮ ಕೂಟದ ಹೆಸರು ಪ್ರಾರ್ಥನಾ ಕೂಟ. ಆ ದಿನ ನಡೆದದ್ದು ಪ್ರಾರ್ಥನೆಯೋ, ಬರಿಯ ಕೂಟವೋ?

ದೇವರ ಜ್ಞಾನವನ್ನು ಬೇಡುವುದು ಎಂದರೆ ಮೊದಲಿಗೆ ಇಷ್ಟೇ: ನೋವಿನಲ್ಲಿರುವವರ ಬಳಿ ದೇವರ ವಿಷಯ ಮಾತನಾಡುವ ಮೊದಲು, ದೇವರ ಬಳಿ ಅವರ ವಿಷಯ ಮಾತನಾಡುವುದು. ಅದೂ ಕೈಯಲ್ಲಿ ಉತ್ತರ ಹಿಡಿದುಕೊಂಡು ಹೋಗದೆ. "ಅವಳ ಪಾಪವನ್ನು ಅವಳಿಗೆ ತೋರಿಸು" ಎಂಬುದು ಬೇಡಿಕೆಯಂತೆ ಕಾಣುವ ತೀರ್ಪು. "ನನಗೆ ಏನೂ ತೋಚುತ್ತಿಲ್ಲ, ನಾನು ಮಾಡಬೇಕಾದದ್ದು ಏನು" ಎಂಬುದು ಬೇಡಿಕೆ.

ಯೋಬನ ಪುಸ್ತಕದ ನಡುವೆ, 28ನೆಯ ಅಧ್ಯಾಯದಲ್ಲಿ, ವಾದವೆಲ್ಲ ನಿಂತು ಗಣಿಯ ವರ್ಣನೆಯೊಂದು ಬರುತ್ತದೆ. ಮನುಷ್ಯ ಕತ್ತಲೆಗೆ ದೀಪ ಒಯ್ಯುತ್ತಾನೆ, ಹದ್ದಿನ ಕಣ್ಣಿಗೂ ಬೀಳದ ದಾರಿಯಲ್ಲಿ ಇಳಿಯುತ್ತಾನೆ, ಜನರಿಂದ ದೂರದಲ್ಲಿ ಹಗ್ಗ ಹಿಡಿದು ಜೋತಾಡುತ್ತಾನೆ, ಬೆಟ್ಟದ ಬುಡವನ್ನೇ ಮಗುಚುತ್ತಾನೆ, ಬೆಳ್ಳಿ ಬಂಗಾರ ನೀಲಮಣಿ ತೆಗೆಯುತ್ತಾನೆ. ಆದರೆ ಜ್ಞಾನ ಎಲ್ಲಿ ಸಿಕ್ಕೀತು? ನನ್ನಲ್ಲಿಲ್ಲ ಎನ್ನುತ್ತದೆ ಆಳವಾದ ಸಾಗರ. ಓಫೀರಿನ ಚಿನ್ನ ಕೊಟ್ಟರೂ ಬರುವುದಿಲ್ಲ. ಅದರ ದಾರಿ ಬಲ್ಲವನು ದೇವರೊಬ್ಬನೇ. ಮನುಷ್ಯನಿಗೆ ಅವನು ಹೇಳುವುದು, ಕರ್ತನ ಭಯವೇ ಜ್ಞಾನ ಎಂದು. ಗೆಳೆಯರು ಮಾಡುತ್ತಿದ್ದದ್ದೂ ಅಗೆಯುವ ಕೆಲಸವೇ. ಯೋಬನ ಬದುಕನ್ನು ಅಗೆದು ಅಗೆದು ಕಾರಣ ತೆಗೆಯಲು ನೋಡಿದರು. ಇನ್ನೊಬ್ಬರ ಗಾಯದಲ್ಲಿ ಅಗೆದರೆ ಜ್ಞಾನ ಸಿಗುವುದಿಲ್ಲ, ರಕ್ತ ಬರುತ್ತದೆ.

ಯಾಕೋಬನ ಪತ್ರದ ಆ ಹೆಸರಾಂತ ವಚನ ನಿಮಗೆ ಬಾಯಿಪಾಠ ಇರುತ್ತದೆ: ಯಾರಿಗಾದರೂ ಜ್ಞಾನ ಕಡಿಮೆಯಾಗಿದ್ದರೆ ದೇವರನ್ನು ಕೇಳಿಕೊಳ್ಳಲಿ. ಪರೀಕ್ಷೆಗೆ ಓದುವ ಮಕ್ಕಳಿಗೆ ಅದನ್ನು ಹೇಳಿಕೊಡುತ್ತೇವೆ. ಆದರೆ ಅದು ಇರುವುದು ಕಷ್ಟಗಳನ್ನು ಕುರಿತ ಮಾತಿನ ಬೆನ್ನಿಗೇ. ಅಲ್ಲಿ ನಾನು ಯಾವಾಗಲೂ ನಿಲ್ಲುವ ಪದ "ಹಂಗಿಸದೆ" ಎಂಬುದು. ದೇವರು ಹಂಗಿಸದೆ ಕೊಡುತ್ತಾನೆ. ಇಷ್ಟು ವರ್ಷ ಸಭೆಗೆ ಬಂದು ಇದೂ ಗೊತ್ತಿಲ್ಲವೇ ಎನ್ನುವುದಿಲ್ಲ. ಹಂಗಿಸದೆ ಕೊಟ್ಟವನಿಂದ ಪಡೆದು ಬಂದವರ ಬಾಯಲ್ಲಿ ಹಂಗು ಹೇಗೆ ಬಂದೀತು? ಬಂದರೆ ಅದು ಅಲ್ಲಿಂದ ತಂದದ್ದಲ್ಲ.

ಈ ಜ್ಞಾನದಲ್ಲಿ "ಏಕೆ" ಎಂಬುದಕ್ಕೆ ಉತ್ತರ ಸೇರಿರಲೇಬೇಕೆಂದಿಲ್ಲ. 38ರಿಂದ 41ರವರೆಗೆ ನಾಲ್ಕು ಅಧ್ಯಾಯ ಯೆಹೋವನು ಮಾತನಾಡುತ್ತಾನೆ. ನಕ್ಷತ್ರಗಳು, ಕಾಡುಕತ್ತೆ, ಉಷ್ಟ್ರಪಕ್ಷಿ, ಹಿಮದ ಭಂಡಾರ ಎಲ್ಲವೂ ಬರುತ್ತವೆ. ಯೋಬನನ್ನು ಪರೀಕ್ಷಿಸುವ ಬಗ್ಗೆ ಪುಸ್ತಕದ ಮೊದಲಲ್ಲೇ ಪರಲೋಕದ ಸಭೆಯಲ್ಲಿ ಸೈತಾನನೊಂದಿಗೆ ನಡೆದ ಮಾತನ್ನು ಮಾತ್ರ ಯೋಬನಿಗೆ ಕೊನೆಯವರೆಗೂ ಹೇಳುವುದಿಲ್ಲ. ಓದುಗರಾದ ನಮಗೆ ಗೊತ್ತಿರುವುದು ಯೋಬನಿಗೇ ಗೊತ್ತಾಗಲಿಲ್ಲ. ಆದರೂ ಅವನು ತೃಪ್ತನಾದ, ಏಕೆಂದರೆ ದೇವರು ಬಂದ. ಕಾರಣವನ್ನು ದೇವರೇ ಹೇಳದೆ ಬಿಟ್ಟಿರುವಾಗ ನಾವು ಹೇಳಲು ಅವಸರಪಡುವುದು ವಿಚಿತ್ರವಲ್ಲವೇ?

ಜ್ಞಾನವೆಂದರೆ ಏನೆಂದು ನಾನು ಕಣ್ಣಾರೆ ಕಂಡದ್ದು ಪುಸ್ತಕದಲ್ಲಲ್ಲ. ಸೇವೆಗೆ ಬಂದ ಹೊಸತು. ಸಭೆಯ ಕುಟುಂಬವೊಂದರ ಹನ್ನೊಂದು ವರ್ಷದ ಮಗಳು ಆಸ್ಪತ್ರೆಯಲ್ಲಿ ತೀರಿಕೊಂಡಳು. ನಾನು ಓಡಿ ಹೋದಾಗ ತಂದೆ ಹೊರಗಿನ ಬೆಂಚಿನ ಮೇಲೆ ಕುಳಿತಿದ್ದರು. ಮಡಿಲಲ್ಲಿ ಒಂದು ಪ್ಲಾಸ್ಟಿಕ್ ಚೀಲ, ಅದರೊಳಗೆ ಮಗುವಿನ ಚಪ್ಪಲಿ. ಒಂದರ ಪಟ್ಟಿ ಕಿತ್ತುಹೋಗಿ ಪಿನ್ನು ಹಾಕಿದ್ದರು. ನನಗೆ ಮೌನ ಹೆದರಿಕೆ ಹುಟ್ಟಿಸಿತು. ದೇವರು ಇದರ ಮೂಲಕ ನಿಮಗೆ ಏನೋ ಕಲಿಸುತ್ತಿದ್ದಾನೆ ಎಂದೆ. ಅವರು ತಲೆಯೆತ್ತಿ, "ಅಯ್ಯನವರೇ, ನಾನು ಕಲಿಯಬೇಕಾದದ್ದಕ್ಕೆ ಅವಳು ಯಾಕೆ?" ಎಂದು ಕೇಳಿದರು. ಕೋಪದಿಂದ ಅಲ್ಲ, ನಿಜವಾಗಿ ತಿಳಿಯಬೇಕೆಂದು ಕೇಳಿದರು. ನನ್ನ ಬಳಿ ಉತ್ತರ ಇರಲಿಲ್ಲ. ಆಗ ನಮ್ಮ ಸಭೆಯ ವಯಸ್ಸಾದ ತಾಯಿಯೊಬ್ಬರು ಬಂದರು, ಹೆಚ್ಚು ಓದಿದವರಲ್ಲ. ಪಕ್ಕದಲ್ಲಿ ಕುಳಿತರು, ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ಆ ತಂದೆಯ ಕೈಯಲ್ಲಿದ್ದ ಮೊಬೈಲ್ ಆರಿಹೋಗಿರುವುದನ್ನು ನೋಡಿ, ಅದನ್ನು ಮೆಲ್ಲಗೆ ತೆಗೆದುಕೊಂಡು, ದಾದಿಯರ ಕೋಣೆಗೆ ಹೋಗಿ ಚಾರ್ಜರ್ ಕೇಳಿ ಹಾಕಿಸಿ ಬಂದರು. ಬಂಧುಗಳಿಗೆಲ್ಲ ತಿಳಿಸಬೇಕಿತ್ತಲ್ಲ. ನಾನು ಅಲ್ಲಿ ಅರ್ಧ ಗಂಟೆ ಇದ್ದರೂ ಆ ಆರಿದ ಮೊಬೈಲ್ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ನಾನು ಹೇಳಬೇಕಾದ ವಾಕ್ಯವನ್ನು ಹುಡುಕುತ್ತಿದ್ದೆ.

ಅರಸ ಸೊಲೊಮೋನ ಗಿಬ್ಯೋನಿನಲ್ಲಿ ದೇವರನ್ನು ಬೇಡಿಕೊಂಡದ್ದನ್ನು ನಾವು "ಜ್ಞಾನ" ಎಂದು ಒಂದೇ ಪದದಲ್ಲಿ ಹೇಳಿಬಿಡುತ್ತೇವೆ. ಹೀಬ್ರುವಿನಲ್ಲಿರುವುದು "ಕೇಳುವ ಹೃದಯ". ಆ ತಾಯಿಗೆ ಇದ್ದದ್ದು ಅದು.

ಜ್ಞಾನ ಸಿಕ್ಕಿತೆಂದು ತಿಳಿಯುವುದು ಹೇಗೆ ಎಂದು ಕೇಳಿದ್ದೀರಿ. ಯಾಕೋಬನೇ ಮೂರನೆಯ ಅಧ್ಯಾಯದಲ್ಲಿ ಗುರುತುಗಳನ್ನು ಕೊಟ್ಟಿದ್ದಾನೆ: ಮೇಲಿನಿಂದ ಬರುವ ಜ್ಞಾನ ಪರಿಶುದ್ಧ, ಸಮಾಧಾನಕರ, ಸೌಮ್ಯ, ಕರುಣೆ ತುಂಬಿದ್ದು, ಕಪಟವಿಲ್ಲದ್ದು. ನಾನು ಇದಕ್ಕೆ ನನ್ನದೊಂದು ಒರಟು ಪರೀಕ್ಷೆ ಸೇರಿಸಿಕೊಂಡಿದ್ದೇನೆ. ನನಗೆ ತೋಚಿದ್ದು ಯಾರಿಗೆ ಕೆಲಸ ಹಚ್ಚುತ್ತದೆ ಎಂದು ನೋಡುತ್ತೇನೆ. "ಪರೀಕ್ಷಿಸಿಕೋ, ನಂಬಿಕೆ ಹೆಚ್ಚಿಸಿಕೋ, ಇನ್ನೂ ಪ್ರಾರ್ಥಿಸು" ಎಂಬವೆಲ್ಲ ಬಿದ್ದವರ ತಲೆಗೇ ಇನ್ನೊಂದು ಹೊರೆ ಏರಿಸುತ್ತವೆ. "ಹೋಗಿ ಕುಳಿತುಕೋ, ಔಷಧಿ ತಂದುಕೊಡು, ಬಾಯಿ ಮುಚ್ಚು" ಎಂದು ತೋಚಿದರೆ ಕೆಲಸ ನನಗೆ. ಎರಡನೆಯದರಲ್ಲಿ ನಾನು ಮೋಸಹೋದದ್ದು ಕಡಿಮೆ. ಯೋಬನೂ 13ನೆಯ ಅಧ್ಯಾಯದಲ್ಲಿ ಗೆಳೆಯರನ್ನು ಕೆಲಸಕ್ಕೆ ಬಾರದ ವೈದ್ಯರು ಎಂದು ಕರೆದು, ನೀವು ಸುಮ್ಮನಿದ್ದುಬಿಟ್ಟರೆ ಅದೇ ನಿಮಗೆ ಜ್ಞಾನ ಎಂದು ಹೇಳಿದ್ದಾನೆ.

ಆದದ್ದು ಆಯಿತು, ಈಗ ಏನು ಮಾಡಬೇಕು? ಯಾಜಕನಾದ ಏಲಿಯನ್ನು ನೆನಪಿಸಿಕೊಳ್ಳಿ. ಶೀಲೋವಿನ ದೇವಾಲಯದಲ್ಲಿ ಹನ್ನಳ ತುಟಿ ಅಲುಗಾಡುತ್ತಿತ್ತು, ಸ್ವರ ಕೇಳುತ್ತಿರಲಿಲ್ಲ. ಮಕ್ಕಳಿಲ್ಲದ ನೋವಿನಲ್ಲಿದ್ದ ಹೆಂಗಸನ್ನು ಯಾಜಕ ಕುಡಿದಿದ್ದಾಳೆಂದು ತಿಳಿದು ಗದರಿಸಿದ. ಪ್ರಾರ್ಥನೆಯನ್ನು ಗುರುತಿಸುವುದೇ ಅವನ ವೃತ್ತಿ, ಅದರಲ್ಲೇ ತಪ್ಪಿದ! ಆದರೆ ಅವಳು, ಇಲ್ಲ ಸ್ವಾಮೀ, ಮನನೊಂದವಳು ನಾನು ಎಂದಾಗ ಅವನು ವಾದಿಸಲಿಲ್ಲ. ನೋಡುವುದಕ್ಕೆ ಹಾಗೇ ಕಾಣುತ್ತಿತ್ತು ಎಂದು ಸಮಜಾಯಿಷಿ ಕೊಡಲಿಲ್ಲ. ಅಲ್ಲೇ ತಿರುಗಿ ಸಮಾಧಾನದಿಂದ ಹೋಗು ಎಂದ, ದೇವರು ನಿನ್ನ ಬೇಡಿಕೆಯನ್ನು ನೆರವೇರಿಸಲಿ ಎಂದು ಹರಸಿದ.

ನೀವೂ ಗೆಳತಿಗೆ ನಾಲ್ಕು ಸಾಲು ಬರೆಯಿರಿ, ಕೈಯಲ್ಲಿ ಬರೆದರೆ ಇನ್ನೂ ಒಳ್ಳೆಯದು. ನಾನು ಹೇಳಿದ್ದು ತಪ್ಪು, ಅದು ದೇವರ ಮಾತಾಗಿರಲಿಲ್ಲ, ನನ್ನನ್ನು ಕ್ಷಮಿಸು. ಅಷ್ಟೇ. "ಆದರೆ" ಎಂಬ ಪದ ಎಲ್ಲಿಯೂ ಬರಬಾರದು. "ಒಳ್ಳೆಯದಾಗಲಿ ಎಂದೇ ಹೇಳಿದೆ" ಎಂಬುದನ್ನು ನನಗೆ ಬರೆದಿರಿ, ಸರಿ. ಅವರಿಗೆ ಬರೆಯಬೇಡಿ, ಅದು ನಿಮ್ಮನ್ನು ಕಾಪಾಡಿಕೊಳ್ಳುವ ಮಾತು. ಮಗುವಿನ ವಿಷಯದಲ್ಲಿ ನಿಮಗೆ ದುಃಖವಾಗಿದೆ ಎಂದು ಬರೆಯಿರಿ. ಏಕೆಂದರೆ ನಿಮ್ಮ ಪತ್ರದ ಪ್ರಕಾರ, ಇದುವರೆಗೆ ಅದನ್ನು ಅವರಿಗೆ ಯಾರಾದರೂ ಹೇಳಿದ್ದಾರೋ ಇಲ್ಲವೋ ನನಗೆ ಕಾಣುತ್ತಿಲ್ಲ.

ಕೂಟದಲ್ಲಿಯೂ ಒಂದು ಕೆಲಸವಿದೆ, ಅದು ಹೆಚ್ಚು ಕಷ್ಟದ್ದು. ಆ ಮಾತು ಮತ್ತೆ ಎದ್ದಾಗ, ನಾನೂ ಹಾಗೇ ತಿಳಿದಿದ್ದೆ, ಅದು ತಪ್ಪು ಎಂದು ಎಲ್ಲರೆದುರು ಹೇಳಿ. ಅವರ ಮನೆಯ ಸಂಗತಿಗಳನ್ನು ಪ್ರಾರ್ಥನಾ ವಿಷಯವೆಂಬ ಹೆಸರಿನಲ್ಲಿ ಹರಡುವುದನ್ನು ನಿಲ್ಲಿಸಿ. ಅವರ ಹೆಸರು ಹೇಳಿ ಪ್ರಾರ್ಥಿಸಿದರೆ ಸಾಕು, ವಿವರ ದೇವರಿಗೆ ಗೊತ್ತಿದೆ.

ಯೋಬನ ಪುಸ್ತಕದ ಕೊನೆಯಲ್ಲಿ ಗೆಳೆಯರು ಏಳು ಹೋರಿ, ಏಳು ಟಗರು ಹೊಡೆದುಕೊಂಡು ಯೋಬನ ಬಳಿಗೇ ಹೋಗಬೇಕಾಯಿತು. ತಾವು ಯಾರನ್ನು ಪಾಪಿ ಎಂದಿದ್ದರೋ ಅವನೇ ಅವರಿಗಾಗಿ ಪ್ರಾರ್ಥಿಸಿದ, ದೇವರು ಅವನ ಪ್ರಾರ್ಥನೆಯನ್ನು ಕೇಳಿದ. ನಿಮ್ಮ ಗೆಳತಿಯೂ ಒಂದು ದಿನ ನಿಮಗಾಗಿ ಪ್ರಾರ್ಥಿಸಬಹುದು. ಆದರೆ ಅದನ್ನು ನೀವು ಕೇಳಬೇಡಿ, ನಿರೀಕ್ಷಿಸಲೂ ಬೇಡಿ. ಕಾಗದ ತಲುಪಿದ ಮೇಲೆ ಉತ್ತರ ಬಂತೇ ಎಂದು ದಿನವೂ ಫೋನ್ ಮಾಡಬೇಡಿ. ಅವರ ಗಂಡನಿಗೆ ಈಗ ಕೆಲಸ ಸಿಕ್ಕಿದೆಯೇ, ಆಸ್ಪತ್ರೆಗೆ ಹೋಗಿಬರುವಾಗ ಜೊತೆಗೆ ಯಾರಿದ್ದಾರೆ ಎಂದು ಬೇರೆಯವರಿಂದ ತಿಳಿದುಕೊಳ್ಳಿ. ಅಲ್ಲಿ ನಿಮ್ಮ ಕೈಯಿಂದ ಆಗುವ ಕೆಲಸ ಒಂದಾದರೂ ಇರುತ್ತದೆ. ಅದನ್ನು ಮಾಡಿ. ನಿಮ್ಮ ಹೆಸರು ಅವರಿಗೆ ತಿಳಿಯದಂತೆ ಮಾಡಲು ಸಾಧ್ಯವಾದರೆ ಹಾಗೆಯೇ ಮಾಡಿ.